ಐದನೇ ತರಗತಿಗೇ ಎಂಟ್ರನ್ಸ್

(ವಿಜಯಪುರದಲ್ಲಿ ಐದನೇ ತರಗತಿ ಮಕ್ಕಳ ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನವರಿಗೆ ಎಂಟ್ರನ್ಸ್ ಅಂದರೆ ಪಿಯುಸಿ ಮುಗಿದ ಮೇಲಿನ ಮಾತು. ಸಿಇಟಿ, ನೀಟ್, ಜೆಇಇ. ನಮ್ಮ ಕಡೆ ಹಾಗಲ್ಲ. ನಮ್ಮಲ್ಲಿ ಹತ್ತು ವರ್ಷದ ಮಗು ಆರನೇ ತರಗತಿಗೆ ಸೇರಲು ಒಂದೇ ವರ್ಷದಲ್ಲಿ ನಾಲ್ಕೈದು ಪ್ರವೇಶ ಪರೀಕ್ಷೆ ಬರೆಯುತ್ತದೆ. ಕೇಂದ್ರ ಸರಕಾರದ ವಸತಿ ಶಾಲೆ ನವೋದಯದ್ದು ಒಂದು. ಸೈನಿಕ ಶಾಲೆ ಇನ್ನೊಂದು. ಮೊರಾರ್ಜಿ, ಕಿತ್ತೂರು ಚೆನ್ನಮ್ಮ ವಸತಿ ಶಾಲೆಗಳದ್ದು ಮತ್ತೊಂದು. ಆದರ್ಶ ವಿದ್ಯಾಲಯದ್ದು ಬೇರೆ. ಇಷ್ಟಾದರೂ ಹುರುಪು ಉಳಿದಿದ್ದರೆ ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆ ಇದ್ದೇ ಇದೆ.

ಇದು ಸುಮ್ನೆ ಬಂದ ಹುಚ್ಚಲ್ಲ. ಬೆಳಗಾವಿಯ ಮಿಲಿಟರಿ ಶಾಲೆ 1945ರಿಂದ ಇದೆ. ನಮ್ಮೂರಿನ ಸೈನಿಕ ಶಾಲೆ 1963ರಲ್ಲಿ ಶುರುವಾಯಿತು. ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ 1969ರಲ್ಲಿ ಬಂತು. ಆಲಮಟ್ಟಿಯಲ್ಲಿ ನವೋದಯ ಇದೆ. ಕಣ್ಣೆದುರಿಗೇ ಇಷ್ಟು ಒಳ್ಳೆಯ ಶಾಲೆಗಳಿವೆ. ಒಳಗೆ ಹೋದ ಹುಡುಗರು ಆಫೀಸರ್ ಆಗಿ ಊರಿಗೆ ಬಂದದ್ದನ್ನು ನಾವು ನೋಡಿದ್ದೇವೆ. ಹಾಗಾಗಿ ಇಲ್ಲಿ ಬಸ್ ಇಳಿದು ಯಾವ ಕಡೆ ನಡೆದರೂ ‘ನವೋದಯ – ಸೈನಿಕ ಕೋಚಿಂಗ್’ ಅನ್ನುವ ಬೋರ್ಡು ಕಾಣುತ್ತದೆ. ಬೋರ್ಡಿನ ತುಂಬ ಪಾಸಾದ ಮಕ್ಕಳ ಫೋಟೊ. ಪಾಸಾಗದವರ ಫೋಟೊ ಹಾಕುವ ಬೋರ್ಡು ಎಲ್ಲೂ ಇಲ್ಲ, ಅಲ್ವಾ? ಹಾಕಿದರೆ ಅಷ್ಟು ದೊಡ್ಡ ಗೋಡೆ ಸಿಗುವುದಿಲ್ಲ.

ನಾನು ಗಣಿತದ ಮಾಸ್ತರ. ಬಹಳ ವರ್ಷ ಹೈಸ್ಕೂಲಿನಲ್ಲಿ ಕಲಿಸಿದೆ. ಸಂಜೆ ಹೊತ್ತು ಈ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸಿಕೊಂಡು ತಯಾರಿಯನ್ನೂ ಮಾಡಿಸಿದ್ದೇನೆ. ಈಗಲೂ ಕೇಳಿದವರಿಗೆ ಹೇಳಿಕೊಡುತ್ತೇನೆ. ಆದ್ದರಿಂದ ಪರೀಕ್ಷೆ ಬಿಟ್ಟುಬಿಡಿ ಅಂತ ಹೇಳಲು ಬಂದಿಲ್ಲ. ಪರೀಕ್ಷೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಲೆಕ್ಕ ಹಾಕಿ ತೋರಿಸಬೇಕು ಅಂತ ಬಂದಿದ್ದೇನೆ.

ಮೊದಲು ನವೋದಯದ ಪೇಪರನ್ನೇ ತೆಗೆದುಕೊಳ್ಳಿ. 80 ಪ್ರಶ್ನೆ, 100 ಅಂಕ, ಎರಡು ತಾಸು. 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, 20 ಅಂಕಗಣಿತದ್ದು, 20 ಭಾಷೆಯದ್ದು. ಅಂದರೆ ಅರ್ಧ ಅಂಕ ಮಾನಸಿಕ ಸಾಮರ್ಥ್ಯಕ್ಕೇ ಹೋಯಿತು. ಅದರಲ್ಲಿ ಅಕ್ಷರ ಇಲ್ಲ, ಬರೀ ಚಿತ್ರ. ನಾಲ್ಕು ಚಿತ್ರದಲ್ಲಿ ಗುಂಪಿಗೆ ಸೇರದ್ದು ಯಾವುದು? ಕನ್ನಡಿಯಲ್ಲಿ ಈ ಚಿತ್ರ ಹೇಗೆ ಕಾಣುತ್ತದೆ? ಕಾಗದ ಮಡಚಿ ತೂತು ಹೊಡೆದಿದ್ದಾರೆ, ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಬರುತ್ತವೆ? ಇಂಥ ಹತ್ತು ಬಗೆ, ಒಂದೊಂದರಲ್ಲಿ ನಾಲ್ಕು ಪ್ರಶ್ನೆ.

ಚಿತ್ರ ಯಾಕೆ ಇಟ್ಟರು? ಉದ್ದೇಶ ಒಳ್ಳೆಯದೇ. ಶಾಲೆಯಲ್ಲಿ ಮಾಸ್ತರು ಸರಿಯಾಗಿ ಕಲಿಸಿರಲಿ ಬಿಡಲಿ, ಮನೆಯಲ್ಲಿ ಪುಸ್ತಕ ಇರಲಿ ಬಿಡಲಿ, ಚಿತ್ರ ನೋಡಿ ಯೋಚಿಸುವುದಕ್ಕೆ ಎಲ್ಲರಿಗೂ ಬುದ್ಧಿ ಇದೆ. ಹಳ್ಳಿಯ ಮಗುವಿಗೂ ಪೇಟೆಯ ಮಗುವಿಗೂ ಸಮ ಅವಕಾಶ ಸಿಗಲಿ ಅನ್ನುವ ಲೆಕ್ಕ ಅದು.

ನಡೆದದ್ದು ಉಲ್ಟಾ. ಇಡೀ ಪೇಪರಿನಲ್ಲಿ ತರಬೇತಿಗೆ ಬಹಳ ಬೇಗ ಬಗ್ಗುವ ಭಾಗ ಯಾವುದು ಅಂದರೆ ಇದೇ. ಭಾಷೆ ಕಲಿಸಲು ವರ್ಷಗಳು ಬೇಕು. ಭಿನ್ನರಾಶಿ ತಲೆಗೆ ಹತ್ತಲು ತಿಂಗಳುಗಳು ಬೇಕು. ಕಾಗದದ ತೂತಿನ ಲೆಕ್ಕಕ್ಕೆ ಒಂದು ವಾರ ಸಾಕು. ಮೊದಲ ಸಲ ನೋಡಿದ ಮಗುವಿಗೆ ಪ್ರಶ್ನೆ ಏನು ಕೇಳುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ನೂರು ಚಿತ್ರ ನೋಡಿದ ಮಗು ಯೋಚನೆಯನ್ನೇ ಮಾಡುವುದಿಲ್ಲ. ‘ಎಷ್ಟು ಮಡಿಕೆ? ಯಾವ ಕಡೆ?’ ಅಂತ ನೋಡುತ್ತದೆ, ವೃತ್ತ ತುಂಬುತ್ತದೆ, ಮುಂದೆ ಹೋಗುತ್ತದೆ. ತಾಳಿಕೋಟೆಯ ಕಡೆಯ ಒಂದು ಹಳ್ಳಿಯ ಹುಡುಗಿ ಪರೀಕ್ಷೆ ಕೋಣೆಯಲ್ಲಿ ಇಂಥ ಚಿತ್ರವನ್ನು ಜೀವನದಲ್ಲೇ ಮೊದಲ ಸಲ ನೋಡುತ್ತಾಳೆ. ಪಕ್ಕದ ಬೆಂಚಿನ ಹುಡುಗ ವರ್ಷವಿಡೀ ಅದನ್ನೇ ಉಜ್ಜಿದ್ದಾನೆ. ಇಬ್ಬರ ಉತ್ತರ ಹಾಳೆಯೂ ಒಂದೇ ಯಂತ್ರದಲ್ಲಿ ಹೋಗುತ್ತದೆ. ಯಂತ್ರಕ್ಕೆ ಯಾರು ಯೋಚಿಸಿ ಬರೆದರು, ಯಾರು ರೂಢಿಯಿಂದ ಬರೆದರು ಅನ್ನುವುದು ಗೊತ್ತಾಗುವುದಿಲ್ಲ. ಮಾನಸಿಕ ಸಾಮರ್ಥ್ಯ ಅಂತ ಹೆಸರಿಟ್ಟ ಭಾಗ ಕಡೆಗೆ ‘ನೀನು ಇದನ್ನು ಮೊದಲು ನೋಡಿದ್ದೀಯಾ ಇಲ್ಲವಾ’ ಅನ್ನುವುದನ್ನು ಅಳೆಯುತ್ತಿದೆ.

ಒಂದು ಹಳೆಯ ಸಂಗತಿ ಹೇಳುತ್ತೇನೆ. ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್‌ನಲ್ಲಿ ರೂಪಿಸಿದವರು ಆಲ್ಫ್ರೆಡ್ ಬಿನೆ ಮತ್ತು ಅವರ ಜೊತೆಗಾರ ಸಿಮೋನ್. ಅದನ್ನು ಮಾಡಿದ್ದು ಜಾಣರನ್ನು ಆರಿಸುವುದಕ್ಕಲ್ಲ. ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳು ಯಾರು, ಯಾರಿಗೆ ಹೆಚ್ಚಿನ ಸಹಾಯ ಬೇಕು ಅಂತ ಹುಡುಕುವುದಕ್ಕೆ. ಪರೀಕ್ಷೆಯಲ್ಲಿ ಕಡಿಮೆ ಬಂದ ಮಗುವಿನ ಹತ್ತಿರ ಮಾಸ್ತರು ಹೋಗಬೇಕು ಅನ್ನುವುದು ಮೂಲ ಉದ್ದೇಶ. ಈಗ ಕಡಿಮೆ ಬಂದ ಮಗುವಿನ ಹತ್ತಿರ ಯಾರೂ ಹೋಗುವುದಿಲ್ಲ. ಅದು ಮನೆಗೆ ಹೋಗುತ್ತದೆ.

ಈಗ ಅದೃಷ್ಟದ ಮಾತಿಗೆ ಬರೋಣ. ನಿಮಗೆಲ್ಲ ಒಳಗೆ ಬರುವಾಗ ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿ ಪ್ರಶ್ನೆ ಇಲ್ಲ. 20 ಸಾಲು, ಪ್ರತಿ ಸಾಲಿನಲ್ಲಿ ಎ, ಬಿ, ಸಿ, ಡಿ. ಮನಸ್ಸಿಗೆ ಬಂದದ್ದನ್ನು ತುಂಬಿ ಅಂದಿದ್ದೆ. ಈಗ ಸರಿ ಉತ್ತರ ಓದುತ್ತೇನೆ, ನೀವೇ ತಿದ್ದಿಕೊಳ್ಳಿ.

(ಇಲ್ಲಿ ಸಭೆಯಲ್ಲಿ ಸ್ವಲ್ಪ ಹೊತ್ತು ಗದ್ದಲ. ಹಿಂದಿನ ಸಾಲಿನ ಒಬ್ಬ ಅಜ್ಜ ಒಂಬತ್ತು ಸರಿ ಮಾಡಿದ್ದರು. ಮುಂದಿನ ಸಾಲಿನ ಶಿಕ್ಷಕರೊಬ್ಬರಿಗೆ ಬಂದದ್ದು ಎರಡು. ಹೆಚ್ಚಿನವರದ್ದು ನಾಲ್ಕು, ಐದು, ಆರರ ಆಸುಪಾಸಿನಲ್ಲಿತ್ತು.)

ಅಜ್ಜಾರಿಗೆ ಸೀಟು ಕೊಡೋಣ. ನಗಬೇಡಿ. ನಾಲ್ಕು ಆಯ್ಕೆ ಇದ್ದರೆ ಏನೂ ಓದದೆ ಹೊಡೆದರೂ 20ರಲ್ಲಿ ಸರಾಸರಿ ಐದು ಸರಿ ಬರುತ್ತವೆ. ಕೆಲವರಿಗೆ ಮೂರು, ಕೆಲವರಿಗೆ ಏಳು. ಈಗ ಇದನ್ನು ನವೋದಯಕ್ಕೆ ಒಯ್ಯಿರಿ. ಇಬ್ಬರು ಮಕ್ಕಳಿದ್ದಾರೆ ಅನ್ನಿ. ಇಬ್ಬರಿಗೂ 60 ಪ್ರಶ್ನೆಯ ಉತ್ತರ ಖಚಿತವಾಗಿ ಗೊತ್ತು, 20 ಗೊತ್ತಿಲ್ಲ. ಇಬ್ಬರೂ 20 ಊಹಿಸುತ್ತಾರೆ. ಒಬ್ಬನಿಗೆ ಏಳು ಹತ್ತಿದವು, ಒಬ್ಬನಿಗೆ ಮೂರು. ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ನಾಲ್ಕು ಪ್ರಶ್ನೆಗೆ ಐದು ಅಂಕದ ಅಂತರ. ಓದಿನಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲದ ಇಬ್ಬರು ಮಕ್ಕಳು. ಒಬ್ಬನಿಗೆ ಏಳು ವರ್ಷ ವಸತಿ, ಊಟ, ಓದು ಸಿಗುತ್ತದೆ. ಇನ್ನೊಬ್ಬನಿಗೆ ಅಪ್ಪನ ಬೈಗುಳ.

ನವೋದಯದಲ್ಲಿ ಆರನೇ ತರಗತಿಗೆ ಇರುವ ಸೀಟು 80. ಬರೆಯುವವರು ಇಡೀ ಜಿಲ್ಲೆಯ ಮಕ್ಕಳು. ಎಂಬತ್ತನೆಯವನಿಗೂ ಎಂಬತ್ತೊಂದನೆಯವನಿಗೂ ನಡುವೆ ಎಷ್ಟೋ ಸಲ ಅರ್ಧ ವೃತ್ತದ ವ್ಯತ್ಯಾಸವೂ ಇರುವುದಿಲ್ಲ. ಇಂಡಿ ತಾಲ್ಲೂಕಿನ ಲಿಂಬೆ ವ್ಯಾಪಾರಿಗಳು ದಪ್ಪದ್ದು, ನಡುವಿನದ್ದು, ಸಣ್ಣದ್ದು ಅಂತ ಹಣ್ಣು ಆರಿಸಿ ಬೇರೆ ಬೇರೆ ಚೀಲಕ್ಕೆ ಹಾಕುವುದನ್ನು ನೀವು ನೋಡಿದ್ದೀರಿ. ಅವರಿಗೆ ಲಾರಿ ತುಂಬಬೇಕು, ದರ ಕಟ್ಟಬೇಕು, ಅದಕ್ಕೆ ಗಾತ್ರ ಸಾಕು. ರಸ ಎಷ್ಟಿದೆ ಅಂತ ಅವರು ಹಿಂಡಿ ನೋಡಿದ್ದಾರೆ ಅಂತ ನಾವು ಯಾರೂ ತಿಳಿದುಕೊಳ್ಳುವುದಿಲ್ಲ. ಪ್ರವೇಶ ಪರೀಕ್ಷೆಯ ಕೆಲಸವೂ ಅಷ್ಟೇ. ಸೀಟು ಕಡಿಮೆ, ಕೇಳುವವರು ಜಾಸ್ತಿ, ಯಾವುದಾದರೂ ಒಂದು ರೀತಿಯಲ್ಲಿ ಹಂಚಬೇಕು. ಅದು ಹಂಚುತ್ತದೆ. ನಾವು ಮಾತ್ರ ಅದನ್ನು ಮಗುವಿನ ಬುದ್ಧಿಯ ಮೇಲೆ ಕೋರ್ಟು ಕೊಟ್ಟ ತೀರ್ಪು ಅಂತ ಮನೆಗೆ ತರುತ್ತೇವೆ.

ದೊಡ್ಡ ಪರೀಕ್ಷೆಗಳಲ್ಲಾದರೂ ಇದು ಸರಿಯಾಗಿದೆಯಾ ಅಂತ ಕೇಳಬಹುದು. 2024ರ ನೀಟ್ ನೆನಪಿದೆಯಲ್ಲ? 23 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಮೊದಲು ಫಲಿತಾಂಶ ಬಂದಾಗ 67 ಮಕ್ಕಳಿಗೆ 720ಕ್ಕೆ 720. ಪೇಪರ್ ಸೋರಿಕೆ, ಗ್ರೇಸ್ ಅಂಕ, ಎಲ್ಲ ಗಲಾಟೆಯನ್ನೂ ಪಕ್ಕಕ್ಕಿಡಿ. ಭೌತಶಾಸ್ತ್ರದ ಒಂದೇ ಒಂದು ಪ್ರಶ್ನೆ ನೋಡಿ. ಪರಮಾಣುಗಳ ಬಗ್ಗೆ ಕೇಳಿದ್ದರು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಒಂದು ರೀತಿ, ಹೊಸದರಲ್ಲಿ ಒಂದು ರೀತಿ ಇತ್ತು. ಮೊದಲು ಎರಡು ಉತ್ತರಕ್ಕೂ ಅಂಕ ಕೊಟ್ಟರು. ಸುಪ್ರೀಂ ಕೋರ್ಟು ದೆಹಲಿ ಐಐಟಿಯ ತಜ್ಞರನ್ನು ಕೇಳಿತು. ಒಂದೇ ಉತ್ತರ ಸರಿ ಅಂತ ಅವರು ಹೇಳಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ತಲಾ ಐದು ಅಂಕ ಹೋಯಿತು: ಸರಿ ಉತ್ತರದ ನಾಲ್ಕು ಹೋದವು, ತಪ್ಪಿಗೆ ಒಂದು ಕಳೆದರು. ಕಡೆಗೆ 720 ಉಳಿದದ್ದು 17 ಮಕ್ಕಳಿಗೆ. ಜೂನ್‌ನಲ್ಲಿ ದೇಶಕ್ಕೇ ಮೊದಲಿಗರಾಗಿದ್ದ ಮಕ್ಕಳು ಜುಲೈನಲ್ಲಿ ಅಲ್ಲ. ಆ ಒಂದು ತಿಂಗಳಲ್ಲಿ ಅವರ ಬುದ್ಧಿ ಏನಾದರೂ ಇಳಿಯಿತಾ?

ಅದೇ ವರ್ಷ ನಮ್ಮ ರಾಜ್ಯದ ಸಿಇಟಿಯಲ್ಲಿ ಪಠ್ಯದಲ್ಲೇ ಇಲ್ಲದ ಪ್ರಶ್ನೆಗಳು ಬಂದವು. ಸುಮಾರು 50 ಪ್ರಶ್ನೆಗಳನ್ನು ಲೆಕ್ಕದಿಂದಲೇ ಬಿಡಬೇಕಾಯಿತು.

ಇಲ್ಲಿ ಒಬ್ಬರು ಕೈ ಎತ್ತಿದರು. “ಸರ, ಹಂಗಂದ್ರ ಪರೀಕ್ಷಾನ ಬ್ಯಾಡ ಅಂತೀರೇನ್ರಿ? ಮತ್ತ ಸೀಟು ಹೆಂಗ ಕೊಡೂದು? ರೊಕ್ಕ ಇದ್ದವಗಾ?”

ಒಳ್ಳೆ ಪ್ರಶ್ನೆ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಇಲ್ಲಿ ಕೂತಿರುವ ಹಿರಿಯರಿಗೆ ಡೊನೇಶನ್ ಕಾಲ ಗೊತ್ತು. ಕರ್ನಾಟಕ ಆಗ ಇಡೀ ದೇಶದಲ್ಲಿ ಅದಕ್ಕೆ ಹೆಸರಾಗಿತ್ತು. ಮೀರತ್‌ನ ಮೋಹಿನಿ ಜೈನ್ ಅನ್ನುವ ವಿದ್ಯಾರ್ಥಿನಿಗೆ ನಮ್ಮ ರಾಜ್ಯದ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಬೇಕಿತ್ತು. ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು ಕ್ಯಾಪಿಟೇಶನ್ ಶುಲ್ಕ, ಅಂದರೆ ಈ ಡೊನೇಶನ್, ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಮುಂದಿನ ವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಮೆರಿಟ್ ಸೀಟು, ಪೇಮೆಂಟ್ ಸೀಟು ಅನ್ನುವ ವ್ಯವಸ್ಥೆ ಬಂತು. 1994ರಲ್ಲಿ ನಮ್ಮಲ್ಲಿ ಸಿಇಟಿ ಘಟಕ ಆಯಿತು. ಮುದ್ದೇಬಿಹಾಳದ ರೈತನ ಮಗಳು ಬರೀ ರ್ಯಾಂಕ್ ಹಿಡಿದುಕೊಂಡು ಹೋಗಿ ಇಂಜಿನಿಯರಿಂಗ್ ಸೀಟು ತರಬಹುದು ಅನ್ನುವ ಮಾತು ನಿಜವಾದದ್ದು ಆಮೇಲೆ. ಯಾರ ಕೈಕಾಲು ಹಿಡಿಯಬೇಕಿಲ್ಲ, ಶಾಸಕರ ಚೀಟಿ ಬೇಕಿಲ್ಲ. ಇದು ಸಣ್ಣ ಮಾತಲ್ಲ.

ಅಮೆರಿಕದಲ್ಲೂ ಇದೇ ಜಗ್ಗಾಟ ನಡೆದಿದೆ. ಅಲ್ಲಿ ಎಸ್‌ಎಟಿ ಅನ್ನುವ ಪರೀಕ್ಷೆ 1926ರಿಂದ ಇದೆ. ಇದು ದುಡ್ಡಿದ್ದವರಿಗೆ ಅನುಕೂಲ ಅಂತ 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅದನ್ನು ಕೈಬಿಡಲು ತೀರ್ಮಾನಿಸಿತು. ಎಂಐಟಿ 2022ರಲ್ಲಿ ಮತ್ತೆ ಬೇಕು ಅಂದಿತು. 2024ರಲ್ಲಿ ಡಾರ್ಟ್‌ಮತ್ ಕಾಲೇಜೂ ವಾಪಸ್ ತಂದಿತು. ಅವರು ಕೊಟ್ಟ ಕಾರಣ ಕೇಳಿ: ಪರೀಕ್ಷೆ ಐಚ್ಛಿಕ ಮಾಡಿದಾಗ ಬಡವರ ಮನೆಯ ಮಕ್ಕಳು ತಮ್ಮ ಅಂಕ ಕಡಿಮೆ ಅಂತ ತಿಳಿದು ಮುಚ್ಚಿಟ್ಟರು. ಅದನ್ನು ತೋರಿಸಿದ್ದರೆ ಅವರಿಗೆ ಅನುಕೂಲವೇ ಆಗುತ್ತಿತ್ತು. ಪರೀಕ್ಷೆ ತೆಗೆದರೆ ಅದರ ಜಾಗದಲ್ಲಿ ಶಿಫಾರಸು ಪತ್ರ, ಚಂದದ ಪ್ರಬಂಧ, ಹವ್ಯಾಸ ಬರುತ್ತವೆ. ಅವುಗಳಿಗೆ ಇನ್ನೂ ಜಾಸ್ತಿ ದುಡ್ಡು ಬೇಕು.

ಹಾಗಾಗಿ ನನ್ನ ಉತ್ತರ: ಸೀಟು ಕಡಿಮೆ ಇರುವ ತನಕ ಪರೀಕ್ಷೆ ಇರಲಿ. ಡೊನೇಶನ್‌ಗಿಂತ, ಶಿಫಾರಸಿಗಿಂತ ಅದು ಮೇಲು. ಆದರೆ ಅದನ್ನು ಸುಧಾರಿಸಬಹುದು. ಸಿಇಟಿಯಲ್ಲಿ ಇಂಜಿನಿಯರಿಂಗ್ ರ್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ತೆಗೆದುಕೊಳ್ಳುತ್ತಾರೆ. ನನಗೆ ಇದು ಬಹಳ ಹಿಡಿಸುತ್ತದೆ. ಒಂದು ಮುಂಜಾನೆಯ ಜ್ವರಕ್ಕೆ ಎರಡು ವರ್ಷದ ಓದು ಪೂರ್ತಿ ಬಲಿಯಾಗುವುದಿಲ್ಲ. ಹತ್ತು ವರ್ಷದ ಮಕ್ಕಳ ವಿಷಯದಲ್ಲಿ ನಾನು ಇನ್ನೂ ಮುಂದೆ ಹೋಗುತ್ತೇನೆ. ಒಂದು ಮಟ್ಟದ ಅಂಕ ಗೊತ್ತು ಮಾಡಿ, ಅದನ್ನು ದಾಟಿದ ಎಲ್ಲ ಮಕ್ಕಳ ಹೆಸರೂ ಹಾಕಿ ಚೀಟಿ ಎತ್ತಲಿ. ಈಗಲೂ ಕೊನೆಯ ಸೀಟುಗಳು ಹೋಗುತ್ತಿರುವುದು ಅದೃಷ್ಟದ ಮೇಲೆಯೇ. ಚೀಟಿ ಎತ್ತಿದರೆ ಸಿಗದ ಮಗು ‘ನನಗೆ ಚೀಟಿ ಬರಲಿಲ್ಲ’ ಅಂತ ಮನೆಗೆ ಹೋಗುತ್ತದೆ. ಈಗ ‘ನಾನು ದಡ್ಡ’ ಅಂತ ಹೋಗುತ್ತಿದೆ. ಇದು ನಿಮಗೆ ಒಪ್ಪಿಗೆ ಆಗದಿರಬಹುದು. ನನ್ನ ಮನೆಯವರಿಗೂ ಒಪ್ಪಿಗೆಯಿಲ್ಲ.

ಸೀಟು ಯಾಕೆ ಕಡಿಮೆ ಅನ್ನುವುದನ್ನು ಮಾತ್ರ ನಾವು ಕೇಳುವುದೇ ಇಲ್ಲ. ನೂರು ವರ್ಷದ ಹಿಂದೆ ಈ ಮೂರು ಜಿಲ್ಲೆಯ ಹಿರಿಯರಿಗೂ ಇದೇ ತೊಂದರೆ ಇತ್ತು. ಓದಬೇಕೆಂದರೆ ಶಾಲೆ ಸಾಲದು. ಅವರು ಏನು ಮಾಡಿದರು? ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಕಟ್ಟಿದರು. ಇದೇ ಊರಿನಲ್ಲಿ 1910ರಲ್ಲಿ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಶುರು ಮಾಡಿದರು. ಅವರು ವಕೀಲರು, ವಚನ ಹುಡುಕುತ್ತಾ ಹಳ್ಳಿ ಹಳ್ಳಿ ತಿರುಗಿದವರು, ಅದರ ಜೊತೆಗೇ ಶಾಲೆಯ ಕೆಲಸ. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆಎಲ್‌ಇ ಕಟ್ಟಿದರು. ಯಾರೂ ಶ್ರೀಮಂತರಲ್ಲ, ಮಾಸ್ತರಿಕೆ ಮಾಡುತ್ತಿದ್ದವರು. ಸಾಲು ಉದ್ದ ಇದೆ ಅಂತ ಅವರು ತಮ್ಮ ಮಕ್ಕಳಿಗೆ ಸಾಲಿನಲ್ಲಿ ಮುಂದೆ ನುಗ್ಗುವುದನ್ನು ಕಲಿಸಲಿಲ್ಲ. ಇನ್ನೊಂದು ಬಾಗಿಲು ತೆರೆದರು. ಇವತ್ತು ನಾವು ಕೋಚಿಂಗ್‌ಗೆ ಸುರಿಯುವ ದುಡ್ಡಿನಲ್ಲಿ, ನಮ್ಮೂರ ಸರಕಾರಿ ಶಾಲೆಯಲ್ಲಿ ಮಾಸ್ತರ ಯಾಕಿಲ್ಲ ಅಂತ ಬೆನ್ನು ಹತ್ತಲು ಬೇಕಾದ ಬಸ್ ಚಾರ್ಜಿನಷ್ಟಾದರೂ ತೆಗೆದಿಟ್ಟಿದ್ದೇವಾ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗುವ ಪಾಲಕರು ಎಷ್ಟು ಮಂದಿ, ಕೈ ಎತ್ತಿ ನೋಡೋಣ.

(ಕೈಗಳು ಬಹಳ ಏಳಲಿಲ್ಲ.)

ಮಧ್ಯದಲ್ಲಿ ಒಬ್ಬರು 371ಜೆ ವಿಷಯ ಎತ್ತಿದರು, ಅಂದರೆ ಕಲಬುರಗಿ ಕಡೆಯ ಜಿಲ್ಲೆಗಳಿಗೆ ಮೀಸಲಾತಿ ಕೊಟ್ಟ ಸಂವಿಧಾನದ ವಿಧಿ. ಭೀಮಾ ಹೊಳೆ ದಾಟಿದರೆ ಅಫಜಲಪುರ. ಅಲ್ಲಿನ ಮಗುವಿಗೆ ವೃತ್ತಿ ಕೋರ್ಸಿನಲ್ಲಿ ಮೀಸಲು ಸೀಟು ಇದೆ, ಈಚೆ ದಂಡೆಯ ನಮ್ಮ ಮಗುವಿಗಿಲ್ಲ. ಮಳೆ ಎರಡೂ ಕಡೆ ಒಂದೇ, ಬರವೂ ಒಂದೇ. ಒಂದು ಕಡೆ ನಿಜಾಮನ ರಾಜ್ಯ ಇತ್ತು, ಇನ್ನೊಂದು ಕಡೆ ಮುಂಬೈ ಪ್ರಾಂತ ಇತ್ತು, ಅದಕ್ಕೆ ಹೀಗೆ. ಸಂಕಟ ನನಗೂ ಇದೆ. ಆದರೆ ಅದು ಬೇರೆಯೇ ಒಂದು ಸಂಜೆಯ ಮಾತು.

ಇನ್ನು ತಯಾರಿಗೆ ಬರುತ್ತೇನೆ. ನೀವು ಬಂದದ್ದೇ ಇದಕ್ಕೆ ಅಂತ ನನಗೆ ಗೊತ್ತು.

ಕೋಚಿಂಗ್ ಇಲ್ಲದೆ ಮನೆಯಲ್ಲಿ ತಯಾರಿ ಆಗುತ್ತದಾ? ಆಗುತ್ತದೆ. ಮೊದಲು ಒಂದು ಹಳೆಯ ಪೇಪರ್ ಝೆರಾಕ್ಸ್ ಮಾಡಿಸಿ. ಏನೂ ಹೇಳಿಕೊಡದೆ ಮಗುವನ್ನು ಎರಡು ತಾಸು ಕೂರಿಸಿ ಬರೆಸಿ. ಬೈಯಬೇಡಿ, ಅಂಕವನ್ನು ಯಾರಿಗೂ ಹೇಳಬೇಡಿ. ಎಲ್ಲಿ ನಿಂತಿತು ಅನ್ನುವುದಷ್ಟೇ ನೋಡಿ. ಎಷ್ಟೋ ಮಕ್ಕಳು ಉತ್ತರ ಗೊತ್ತಿದ್ದೂ ಓಎಂಆರ್ ಹಾಳೆಯಲ್ಲಿ, ಅಂದರೆ ವೃತ್ತ ತುಂಬುವ ಉತ್ತರ ಹಾಳೆಯಲ್ಲಿ, ಸೋಲುತ್ತಾರೆ. 23ನೇ ಪ್ರಶ್ನೆಯ ಉತ್ತರವನ್ನು 24ನೇ ಸಾಲಿನಲ್ಲಿ ತುಂಬಿದರೆ ಮುಂದಿನದೆಲ್ಲ ಹೋಯಿತು. ಪೆನ್ನಿನಲ್ಲಿ ತುಂಬಬೇಕು, ಅಳಿಸಲು ಬರುವುದಿಲ್ಲ. ಇದಕ್ಕೆ ಬುದ್ಧಿ ಬೇಕಿಲ್ಲ, ಅಭ್ಯಾಸ ಬೇಕು. ಹತ್ತಾರು ಖಾಲಿ ಹಾಳೆ ಝೆರಾಕ್ಸ್ ಮಾಡಿಸಿ ಕೊಟ್ಟರೆ ಮುಗಿಯಿತು.

ಚಿತ್ರದ ಭಾಗಕ್ಕೆ ಮನೆಯಲ್ಲಿ ಹಳೆಯ ಪೇಪರು, ಕತ್ತರಿ, ಒಂದು ಕನ್ನಡಿ ಸಾಕು. ನಿಜವಾಗಿಯೂ ಕಾಗದ ಮಡಚಿ ತೂತು ಹೊಡೆಸಿ. ನಿಜವಾಗಿಯೂ ಚಿತ್ರವನ್ನು ಕನ್ನಡಿಯ ಮುಂದೆ ಹಿಡಿಸಿ. ಆಟದ ಹಾಗೆ ಮಾಡಿಸಿದರೆ ಆ ಹತ್ತೂ ಬಗೆ ಒಂದೆರಡು ತಿಂಗಳಲ್ಲಿ ಕೈಗೆ ಬರುತ್ತವೆ. ಅದಕ್ಕಿಂತ ಜಾಸ್ತಿ ಉಜ್ಜುವುದರಿಂದ ಮಗು ಏನೂ ಕಲಿಯುವುದಿಲ್ಲ.

ಗಣಿತದಲ್ಲಿ ಮಗ್ಗಿ ಬಾಯಿಗೆ ಬರಬೇಕು. ಲಸಾಅ, ಮಸಾಅ, ಭಿನ್ನರಾಶಿ, ಶೇಕಡಾ, ಸರಳ ಬಡ್ಡಿ, ಸುತ್ತಳತೆ, ಲಾಭ ನಷ್ಟ. ಸಂತೆಗೆ ಕರೆದುಕೊಂಡು ಹೋಗಿ ಲೆಕ್ಕ ಅವನ ಕೈಯಲ್ಲಿ ಮಾಡಿಸಿ. ಸೈನಿಕ ಶಾಲೆಯ ಆರನೇ ತರಗತಿಯ ಪೇಪರಿನಲ್ಲಿ 300 ಅಂಕಕ್ಕೆ 150 ಗಣಿತದ್ದೇ. 125 ಪ್ರಶ್ನೆ, 150 ನಿಮಿಷ. ಕೈ ಓಡದೆ ಆಗುವುದಿಲ್ಲ.

ಭಾಷೆಯ ಭಾಗ ನನಗೆ ಎಲ್ಲಕ್ಕಿಂತ ಪ್ರಾಮಾಣಿಕ ಅನ್ನಿಸುತ್ತದೆ. ಒಂದು ಗದ್ಯ ಕೊಡುತ್ತಾರೆ, ಐದು ಪ್ರಶ್ನೆ. ಮತ್ತೊಂದು ಗದ್ಯ, ಮತ್ತೆ ಐದು. ಓದುವ ಮಗು ಗೆಲ್ಲುತ್ತದೆ, ಓದದ ಮಗು ಸೋಲುತ್ತದೆ. ಇದಕ್ಕೆ ಗೈಡ್ ಇಲ್ಲ. ದಿನಾ ಕನ್ನಡ ಪೇಪರು ತರಿಸಿ, ಮಗುವಿನ ಕೈಯಲ್ಲಿ ಅಜ್ಜನಿಗೆ ಓದಿ ಹೇಳಿಸಿ. ಅಜ್ಜ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಸೀಟು ಸಿಗದಿದ್ದರೂ ಈ ತಯಾರಿ ಮಗುವಿನ ಹತ್ತಿರವೇ ಉಳಿಯುತ್ತದೆ. ತೂತಿನ ಚಿತ್ರದ ತಯಾರಿ ಪರೀಕ್ಷೆಯ ಮರುದಿನ ರದ್ದಿಗೆ ಹೋಗುತ್ತದೆ.

ಇನ್ನೊಂದು ಲೆಕ್ಕ. ನವೋದಯ, ಸೈನಿಕ ಎರಡರಲ್ಲೂ ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಂದೂ ಪ್ರಶ್ನೆ ಖಾಲಿ ಬಿಡಬಾರದು. ಪಿಯುಸಿ ಓದುವ ಅಣ್ಣ, ಅಕ್ಕ ಮನೆಯಲ್ಲಿದ್ದರೆ ಅವರಿಗೂ ಹೇಳಿ. ನೀಟ್‌ನಲ್ಲಿ ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಳೆಯುತ್ತಾರೆ. ಏನೂ ಗೊತ್ತಿಲ್ಲದೆ ಹೊಡೆದರೆ ಸರಾಸರಿ ಸಿಗುವುದು ಪ್ರಶ್ನೆಗೆ ಕಾಲು ಅಂಕ. ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾಗಿ ಉಳಿದ ಎರಡರಲ್ಲಿ ಒಂದು ಹೊಡೆದರೆ ಸರಾಸರಿ ಒಂದೂವರೆ. ಹೆದರಿ ಬಿಟ್ಟು ಬರುವ ಹಳ್ಳಿಯ ಹುಡುಗರು ಇಲ್ಲಿಯೇ ಜಾಸ್ತಿ ಕಳೆದುಕೊಳ್ಳುತ್ತಾರೆ. ಧೈರ್ಯಕ್ಕೂ ಅಂಕ ಸಿಗುತ್ತಿದೆ, ಬುದ್ಧಿಗೆ ಅಂತ ಹೇಳುತ್ತಾರೆ.

ನವೋದಯಕ್ಕೆ ಆರನೇ ತರಗತಿಗೆ ಒಂದೇ ಸಲ ಬರೆಯಲು ಅವಕಾಶ. ಮತ್ತೊಮ್ಮೆ ಐದನೇ ತರಗತಿಗೆ ಕೂರಿಸಿ ಬರೆಸುತ್ತೇವೆ ಅಂದರೆ ನಡೆಯುವುದಿಲ್ಲ. ಸೈನಿಕ ಶಾಲೆಗೆ ಒಂಬತ್ತನೇ ತರಗತಿಯಲ್ಲಿ ಇನ್ನೊಂದು ಬಾಗಿಲಿದೆ. ಆದರೆ ಆರನೇ ತರಗತಿಯ ಪೇಪರ್ ಕನ್ನಡದಲ್ಲಿ ಸಿಗುತ್ತದೆ, ಒಂಬತ್ತನೆಯದು ಬರೀ ಇಂಗ್ಲಿಷ್‌ನಲ್ಲಿ. ಕನ್ನಡ ಶಾಲೆಯ ಮಗುವಿಗೆ ಆ ಬಾಗಿಲು ಅರ್ಧ ಮುಚ್ಚಿದೆ. ಇದನ್ನು ಕೇಳುವವರು ಯಾರೂ ಕಾಣುತ್ತಿಲ್ಲ.

ಕಡೆಯ ಪ್ರಶ್ನೆ ಒಬ್ಬ ತಾಯಿಯದು. “ಸರ, ನಮ್ಮ ಹುಡುಗನ್ನ ಕೋಚಿಂಗ್ ಹಾಸ್ಟೆಲ್‌ದಾಗ ಇಟ್ಟೇವಿ. ಹೆಸರು ಹಳ್ಳಿ ಸಾಲ್ಯಾಗ ಐತಿ. ನಿಮ್ಮ ಮಾತು ಕೇಳಿ ಎದಿ ಝಲ್ ಅಂತು. ಕರಕೊಂಡು ಬರೂಣೇನ್ರಿ?”

ಅವ್ವಾ, ನೀವು ಒಬ್ಬರೇ ಅಲ್ಲ. ಇಲ್ಲಿ ಕೂತವರಲ್ಲಿ ಇನ್ನೂ ಎಷ್ಟೋ ಮಂದಿ ಹಾಗೇ ಮಾಡಿದ್ದಾರೆ. ನವೋದಯದಲ್ಲಿ ಕನಿಷ್ಠ ಶೇಕಡಾ 75 ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೆ ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಹಾಗಾಗಿ ಹಾಜರಿ ಪುಸ್ತಕದಲ್ಲಿ ಮಗು ಹಳ್ಳಿಯಲ್ಲಿದೆ, ಮಲಗುವುದು ಪೇಟೆಯ ಹಾಸ್ಟೆಲಿನಲ್ಲಿ. ಕೋಚಿಂಗ್ ಇಲ್ಲದ ಹಳ್ಳಿ ಮಗುವಿಗೆ ಅಂತ ಇಟ್ಟ ಸೀಟನ್ನು ನಾವೇ ಹಿಂದಿನ ಬಾಗಿಲಿನಿಂದ ತೆಗೆದುಕೊಳ್ಳುತ್ತಿದ್ದೇವೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಅಂತ ಅದರಲ್ಲಿ ಬರೆದಿದೆ. ನಿಮ್ಮ ಮಗನಿಗೆ ಹತ್ತು.

ನೀವು ಈ ಭಾನುವಾರ ಹೋಗಿ. ಮುಂಚೆ ಫೋನ್ ಮಾಡಬೇಡಿ. ಮೂರು ವಿಷಯ ನೋಡಿ. ರಾತ್ರಿ ಎಷ್ಟು ಗಂಟೆಗೆ ಮಲಗಿಸುತ್ತಾರೆ, ಬೆಳಗ್ಗೆ ಎಷ್ಟು ಗಂಟೆಗೆ ಎಬ್ಬಿಸುತ್ತಾರೆ ಅಂತ ಅಡುಗೆಯವರನ್ನು ಕೇಳಿ, ಮಾಲೀಕರನ್ನಲ್ಲ. ಮಗುವಿನ ಟ್ರಂಕಿನಲ್ಲಿ ಗೈಡ್ ಬಿಟ್ಟು ಇನ್ನೊಂದು ಪುಸ್ತಕ ಇದೆಯಾ ನೋಡಿ. ಹೊರಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ, ಹೊಡೆಯುತ್ತಾರಾ ಅಂತ ಕೇಳಿ. ಉತ್ತರ ಸರಿ ಅನ್ನಿಸದಿದ್ದರೆ ಟ್ರಂಕ್ ಎತ್ತಿಕೊಂಡು ಅವತ್ತೇ ಬಸ್ ಹತ್ತಿ. ಕಟ್ಟಿದ ಫೀ ವಾಪಸ್ ಬರುವುದು ಕಷ್ಟ, ಆದರೂ ರಸೀದಿ ಇಟ್ಟುಕೊಂಡು ಬಿಇಓ ಆಫೀಸಿಗೆ ಒಂದು ಅರ್ಜಿ ಕೊಡಿ. ಹಾಲ್ ಟಿಕೆಟ್ ಹೇಗೂ ಆನ್‌ಲೈನ್‌ನಲ್ಲಿ ಬರುತ್ತದೆ, ನೋಂದಣಿ ಸಂಖ್ಯೆ ಮಾತ್ರ ಮರೆಯದೆ ಅವರ ಹತ್ತಿರದಿಂದ ಬರೆದುಕೊಂಡು ಬನ್ನಿ. ಉಳಿದ ದಿನಕ್ಕೆ ಸಂಜೆ ನಮ್ಮ ಶಾಲೆಗೆ ಕಳಿಸಿ, ಮಗ್ಗಿಯಿಂದ ಶುರು ಮಾಡೋಣ.